42 ಕಿಲೋಮೀಟರ್, 23 ಲಕ್ಷ ಪೌಂಡ್: ಒಬ್ಬ ಪಾಸ್ಟರ್‌ನ ಮ್ಯಾರಥಾನ್ ಲೆಕ್ಕ

2011ರ ಏಪ್ರಿಲ್ 17ರ ಭಾನುವಾರ ಲಂಡನ್ ಮ್ಯಾರಥಾನ್ ನಡೆಯಿತು. ಗಂಡಸರ ಓಟವನ್ನು ಕೀನ್ಯಾದ ಇಮ್ಯಾನುಯೆಲ್ ಮುಟಾಯ್ 2 ಗಂಟೆ 4 ನಿಮಿಷ 40 ಸೆಕೆಂಡಿನಲ್ಲಿ ಗೆದ್ದರು. ಅದೇ ದಿನ, ಅದೇ ರಸ್ತೆಯಲ್ಲಿ, ಸಾವಿರಾರು ಸಾಮಾನ್ಯ ಓಟಗಾರರ ನಡುವೆ 55 ವರ್ಷದ ಒಬ್ಬ ಬ್ಯಾಪ್ಟಿಸ್ಟ್ ಪಾಸ್ಟರ್ ಕೂಡ ಓಡಿದರು. ಹೆಸರು ಸ್ಟೀವ್ ಚಾಕ್. ಅವರು ಎಷ್ಟು ಹೊತ್ತಿಗೆ ಮುಗಿಸಿದರು ಅನ್ನುವುದು ಇಲ್ಲಿ ಮುಖ್ಯವಲ್ಲ. ಆ ಒಂದು ಓಟದ ಹೆಸರಿನಲ್ಲಿ, ತಾವೇ ಕಟ್ಟಿದ ಸೇವಾ ಸಂಸ್ಥೆಗಾಗಿ ಅವರು ತಂದ ಹಣ 23,30,159 ಪೌಂಡ್ 38 ಪೆನ್ಸ್. ಆಗಿನ ದರದಲ್ಲಿ ಸುಮಾರು 16–17 ಕೋಟಿ ರೂಪಾಯಿ. ಒಬ್ಬನೇ ಓಟಗಾರ ಒಂದು ಮ್ಯಾರಥಾನ್‌ನಿಂದ ಕೂಡಿಸಿದ ಅತಿ ದೊಡ್ಡ ಮೊತ್ತ ಅಂತ ಗಿನ್ನೆಸ್‌ನವರು ಅದನ್ನು ದಾಖಲೆ ಮಾಡಿದರು.

ಭಾಗಿಸಿ ನೋಡಿದರೆ ಕಿಲೋಮೀಟರಿಗೆ 55 ಸಾವಿರ ಪೌಂಡ್ ದಾಟುತ್ತದೆ.

ಚರ್ಚ್‌ಗಾಗಿ, ಅದರ ಸುತ್ತಲಿನ ಸಮುದಾಯಕ್ಕಾಗಿ ಓಡಿ ಹಣ ಎತ್ತುವವರು ಬ್ರಿಟನ್ನಿನಲ್ಲಿ ತುಂಬಾ ಜನ ಇದ್ದಾರೆ. ಸೋರುವ ಛಾವಣಿಗೆ, ಹಾಳಾದ ಆರ್ಗನ್‌ಗೆ, ವಯಸ್ಸಾದವರ ಮಧ್ಯಾಹ್ನದ ಊಟಕ್ಕೆ ಅಂತ ಐನೂರು, ಸಾವಿರ, ಎರಡು ಸಾವಿರ ಪೌಂಡ್ ಕೂಡಿಸುತ್ತಾರೆ. ಚಾಕ್ ಅವರ ಮೊತ್ತ ಅದರ ಸಾವಿರಪಟ್ಟು. ಹಾಗಾಗಿ ಇದು ಎಲ್ಲರಿಗೂ ಮಾದರಿ ಅಂತ ನಾನು ಹೇಳುವುದಿಲ್ಲ. ಆದರೆ ಚಿಕ್ಕ ಪ್ರಕರಣಗಳಲ್ಲಿ ಕಣ್ಣಿಗೆ ಬೀಳದ ಕೆಲವು ಸಂಗತಿಗಳು ಇಷ್ಟು ದೊಡ್ಡ ಪ್ರಕರಣದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅದಕ್ಕೇ ಇದನ್ನು ಆರಿಸಿಕೊಂಡೆ.

ಓಡಿದವರು ಯಾರು

ಚಾಕ್ 1955ರ ನವೆಂಬರ್‌ನಲ್ಲಿ ಹುಟ್ಟಿದವರು. ಬೆಳೆದದ್ದು ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಕಡೆ. ತಂದೆ ಭಾರತ ಮೂಲದವರು, ತಾಯಿ ಇಂಗ್ಲಿಷ್. 1981ರಲ್ಲಿ ಬ್ಯಾಪ್ಟಿಸ್ಟ್ ಸಭಾಪಾಲಕರಾಗಿ ದೀಕ್ಷೆ ಪಡೆದರು. 1985ರಲ್ಲಿ ಒಯಾಸಿಸ್ ಅನ್ನುವ ಸಂಸ್ಥೆ ಶುರು ಮಾಡಿದರು. ಮೊದಲ ಗುರಿ ಮನೆಯಿಲ್ಲದ ಹುಡುಗ ಹುಡುಗಿಯರಿಗೆ ಒಂದು ಹಾಸ್ಟೆಲ್. ಆಮೇಲೆ ಅದು ಬೆಳೆಯಿತು. 2007ರಿಂದ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳನ್ನೂ ನೋಡಿಕೊಳ್ಳತೊಡಗಿತು. ಭಾರತದಲ್ಲೂ ಒಯಾಸಿಸ್ ಕೆಲಸವಿದೆ.

2003ರಲ್ಲಿ ಲಂಡನ್ನಿನ ವಾಟರ್‌ಲೂ ಬಳಿ, ವೆಸ್ಟ್‌ಮಿನ್‌ಸ್ಟರ್ ಬ್ರಿಡ್ಜ್ ರಸ್ತೆಯಲ್ಲಿದ್ದ ಒಂದು ಹಳೆಯ ಸಭೆಯ, ಅಂದರೆ ಚರ್ಚ್ ಬಳಗದ, ಹೊಣೆ ಅವರ ಕೈಗೆ ಬಂತು. ಈಗ ಅದು ಒಯಾಸಿಸ್ ಚರ್ಚ್ ವಾಟರ್‌ಲೂ. ಭಾನುವಾರ ಆರಾಧನೆ ನಡೆಯುತ್ತದೆ. ಆದರೆ ಸುತ್ತಲಿನ ಬೀದಿಯವರಿಗೆ ಅದು ಹೆಚ್ಚು ಗೊತ್ತಿರುವುದು ಶಾಲೆ, ಫುಡ್‌ಬ್ಯಾಂಕ್, ಮಕ್ಕಳ ಫಾರ್ಮ್, ಸಾಲದಲ್ಲಿ ಸಿಕ್ಕಿಕೊಂಡವರಿಗೆ ಸಲಹೆ ಇಂಥ ಕೆಲಸಗಳಿಂದ. ಇವುಗಳಲ್ಲಿ ಕೆಲವು 2011ರ ಓಟದ ನಂತರ ಬಂದವು. ಚರ್ಚ್‌ನ ಬಾಗಿಲು ವಾರವಿಡೀ ತೆರೆದಿರಬೇಕು ಅನ್ನುವ ಯೋಚನೆ ಮಾತ್ರ ಮೊದಲಿಂದಲೂ ಇದ್ದದ್ದು.

ಇನ್ನೊಂದು ವಿಷಯ ಬಿಡಬಾರದು. ಅವರು ಟಿವಿಯಲ್ಲಿ ಕಾಣಿಸಿಕೊಳ್ಳುತ್ತಿದ್ದವರು. ಬೆಳಗಿನ ಕಾರ್ಯಕ್ರಮಗಳಲ್ಲಿ ಅವರ ಮುಖ ಬ್ರಿಟನ್ನಿನ ಮನೆಮನೆಗೂ ಪರಿಚಯವಿತ್ತು. 2004ರಲ್ಲಿ ಎಂಬಿಇ ಅನ್ನುವ ಬ್ರಿಟನ್ ಸರ್ಕಾರದ ಗೌರವವೂ ಸಿಕ್ಕಿತ್ತು. ಊರಿನ ಚಿಕ್ಕ ಸಭೆಯ ಪಾಸ್ಟರ್‌ಗೆ ಇಂಥ ಅನುಕೂಲ ಇರಲ್ಲ, ಅಲ್ವಾ?

ಒಂದೇ ಸಲಕ್ಕೆ ಆದದ್ದಲ್ಲ

2011ರ ಸಂಖ್ಯೆ ಒಂದನ್ನೇ ನೋಡಿದರೆ ಪವಾಡ ಅನ್ನಿಸುತ್ತದೆ. ಹಿಂದಕ್ಕೆ ಹೋದರೆ ಅದರ ಮೆಟ್ಟಿಲುಗಳು ಕಾಣುತ್ತವೆ.

2005ರ ಲಂಡನ್ ಮ್ಯಾರಥಾನ್‌ನಲ್ಲಿ ಚಾಕ್ 12.5 ಲಕ್ಷ ಪೌಂಡ್ ಕೂಡಿಸಿದರು. ಆಗಲೇ ಅದು ದಾಖಲೆ. ಮರುವರ್ಷ ಸ್ಟೀವ್ ರೆಡ್‌ಗ್ರೇವ್ ಓಡಿ ಅದನ್ನು ಮುರಿದರು, ಸುಮಾರು 18 ಲಕ್ಷ ಪೌಂಡ್. ರೆಡ್‌ಗ್ರೇವ್ ಅಂದರೆ 1984ರಿಂದ 2000ದ ತನಕ ಸತತ ಐದು ಒಲಿಂಪಿಕ್ಸ್‌ನಲ್ಲಿ ದೋಣಿ ಹುಟ್ಟುಹಾಕಿ ಚಿನ್ನ ಗೆದ್ದವರು. ಬ್ರಿಟನ್ನಿನಲ್ಲಿ ಅವರ ಹೆಸರು ಹೇಳಿದರೆ ಸಾಕು, ಬಾಗಿಲು ತೆರೆಯುತ್ತದೆ. ಅಂಥವರ ಎದುರು 2007ರಲ್ಲಿ ಪಾಸ್ಟರ್ ಮತ್ತೆ ಓಡಿದರು. 18 ಲಕ್ಷವನ್ನು ಸ್ವಲ್ಪದರಲ್ಲಿ ದಾಟಿ ದಾಖಲೆಯನ್ನು ವಾಪಸ್ ತಂದರು. ಆ ವರ್ಷದ ಓಟ ಸುಡುಬಿಸಿಲಿನಲ್ಲಿ ನಡೆಯಿತು. ಚಳಿಗಾಲದಲ್ಲಿ ತರಬೇತಿ ಮಾಡಿದ ಮೈಗೆ ಏಪ್ರಿಲ್‌ನ ಆ ಬಿಸಿ ದೊಡ್ಡ ಪರೀಕ್ಷೆ. ನಾಲ್ಕು ವರ್ಷ ಬಿಟ್ಟು 2011.

ಅಂದರೆ ಆರು ವರ್ಷದಲ್ಲಿ ಮೂರು ದೊಡ್ಡ ಓಟ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಎರಡನೇ ಮತ್ತು ಮೂರನೇ ಸಲದ ಕೇಳುವಿಕೆ. ಮೊದಲ ಸಲ ಜನ ಸ್ನೇಹಕ್ಕೆ, ಕುತೂಹಲಕ್ಕೆ, ಮುಲಾಜಿಗೆ ಕೊಡುತ್ತಾರೆ. ಎರಡನೇ ಸಲ ಹೋದಾಗ, 'ಹೋದ ಸಲದ ದುಡ್ಡು ಏನಾಯಿತು?' ಅಂತ ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಇರುತ್ತದೆ. ಮೂರನೇ ಸಲ ಮೊತ್ತ ಇನ್ನೂ ಏರಿತು ಅಂದರೆ ಆ ಪ್ರಶ್ನೆಗೆ ಉತ್ತರ ಸಿಕ್ಕಿತ್ತು ಅಂತಲೇ ಅರ್ಥ. 2005 ಮತ್ತು 2011ರ ನಡುವೆ ಒಯಾಸಿಸ್‌ನ ಶಾಲೆಗಳು ಶುರುವಾಗಿದ್ದವು. ಕಣ್ಣಿಗೆ ಕಾಣುವ ಕಟ್ಟಡ, ಒಳಗೆ ಮಕ್ಕಳು.

ಈ ವರ್ಷಗಳಲ್ಲೇ ಇನ್ನೊಂದು ಗಲಾಟೆಯೂ ಇತ್ತು. 2003–04ರಲ್ಲಿ ಯೇಸುವಿನ ಶಿಲುಬೆ ಮರಣದ ಅರ್ಥದ ಬಗ್ಗೆ ಚಾಕ್ ಬರೆದದ್ದು ಬ್ರಿಟನ್ನಿನ ಇವಾಂಜೆಲಿಕಲ್ ಸಭೆಗಳಲ್ಲಿ ದೊಡ್ಡ ಜಗಳ ಎಬ್ಬಿಸಿತು. ಅವರ ಸ್ವಂತ ವಲಯದವರೇ ಅನೇಕರು ವಿರುದ್ಧ ನಿಂತರು. ಸರಿಯಾಗಿ ಅದರ ಬೆನ್ನಿಗೇ 12.5 ಲಕ್ಷ ಪೌಂಡ್ ಬಂತು. ಸಿದ್ಧಾಂತ ಒಪ್ಪುವವರಷ್ಟೇ ಕೊಡುವುದಾಗಿದ್ದರೆ ಇದು ಆಗುತ್ತಿರಲಿಲ್ಲ ಅನ್ನುವುದು ನನ್ನ ಓದು. ಕೊಟ್ಟವರು ಪ್ರಸಂಗ ಕೇಳಿ ಕೊಟ್ಟಿಲ್ಲ, ಕೆಲಸ ನೋಡಿ ಕೊಟ್ಟರು.

ಹಣ ಬರುವ ದಾರಿ

ಬ್ರಿಟನ್ನಿನ ಈ ಪದ್ಧತಿ ನಮಗೆ ಸ್ವಲ್ಪ ಹೊಸದು. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಲಂಡನ್ ಮ್ಯಾರಥಾನ್ ಶುರುವಾದದ್ದು 1981ರ ಮಾರ್ಚ್ 29ರಂದು. ನ್ಯೂಯಾರ್ಕ್ ಮ್ಯಾರಥಾನ್ ಓಡಿ ಬಂದ ಕ್ರಿಸ್ ಬ್ರಾಷರ್ ಮತ್ತು ಜಾನ್ ಡಿಸ್ಲಿ ಅದನ್ನು ಕಟ್ಟಿದರು. ಓಟದಲ್ಲಿ ಸ್ಥಾನ ಸಿಗುವುದೇ ಕಷ್ಟ. 2026ರ ಓಟಕ್ಕೆ ಲಾಟರಿಯಲ್ಲಿ ಹೆಸರು ಹಾಕಿದವರು 11 ಲಕ್ಷಕ್ಕೂ ಹೆಚ್ಚು. 1993ರಲ್ಲಿ ಗೋಲ್ಡನ್ ಬಾಂಡ್ ಅನ್ನುವ ವ್ಯವಸ್ಥೆ ತಂದರು. ಸೇವಾ ಸಂಸ್ಥೆಗಳು ಒಂದೊಂದು ಸ್ಥಾನಕ್ಕೆ ನೂರಾರು ಪೌಂಡ್ ಕೊಟ್ಟು ಮೊದಲೇ ಖಾತ್ರಿ ಮಾಡಿಕೊಳ್ಳುತ್ತವೆ. ಆ ಸ್ಥಾನವನ್ನು ಓಟಗಾರನಿಗೆ ಕೊಟ್ಟು, 'ನೀನು 2,000 ಪೌಂಡ್ ಆದರೂ ತರಬೇಕು' ಅನ್ನುವ ಒಪ್ಪಂದ ಮಾಡಿಕೊಳ್ಳುತ್ತವೆ. ಇದರಿಂದ ಬೆಳೆದು ಬೆಳೆದು 2025ರಲ್ಲಿ ಒಂದೇ ದಿನದ ಆ ಓಟ ಎಲ್ಲ ಸಂಸ್ಥೆಗಳಿಗೂ ಸೇರಿ 8.73 ಕೋಟಿ ಪೌಂಡ್ ತಂದುಕೊಟ್ಟಿತು.

ಚಿಕ್ಕ ಸಭೆಗಳಿಗೆ ಗೋಲ್ಡನ್ ಬಾಂಡ್ ಕೈಗೆಟುಕಲ್ಲ. ಅವರ ಸದಸ್ಯರೊಬ್ಬರಿಗೆ ಲಾಟರಿಯಲ್ಲಿ ಸ್ಥಾನ ಸಿಕ್ಕರೆ ಅದೇ ಅದೃಷ್ಟ. ಇಲ್ಲದಿದ್ದರೆ ಬೇರೆ ಊರಿನ ಓಟ.

ಇನ್ನು ಪ್ರಾಯೋಜಕರ ಫಾರ್ಮ್, ಅಂದರೆ ಓಟಗಾರನಿಗೆ ಹಣ ಕೊಡುವವರು ಹೆಸರು ಬರೆಯುವ ಹಾಳೆ. ಈಗ ಹೆಚ್ಚಿನದು ಆನ್‌ಲೈನ್‌ನಲ್ಲೇ ಆಗುತ್ತದೆ. ಆದರೆ ಚರ್ಚ್‌ಗಳಲ್ಲಿ ಕಾಗದದ ಹಾಳೆ ಇನ್ನೂ ಓಡಾಡುತ್ತದೆ. ಅಡ್ಡಡ್ಡ ಗೆರೆ, ಉದ್ದುದ್ದ ಕಾಲಂ. ಪೂರ್ತಿ ಹೆಸರು, ಮನೆ ವಿಳಾಸ, ಪೋಸ್ಟ್‌ಕೋಡ್, ಮೊತ್ತ, ಕೊಟ್ಟ ದಿನಾಂಕ, ಕೊನೆಯಲ್ಲಿ ಒಂದು ಚಿಕ್ಕ ಚೌಕ. ಆ ಚೌಕದಲ್ಲಿ ಟಿಕ್ ಹಾಕಿದರೆ ಗಿಫ್ಟ್ ಏಡ್. ಅಂದರೆ ಕೊಟ್ಟವರು ಆದಾಯ ತೆರಿಗೆ ಕಟ್ಟುವವರಾದರೆ, 100 ಪೌಂಡಿಗೆ ಸರ್ಕಾರ 25 ಪೌಂಡ್ ಸೇರಿಸಿ ಕೊಡುತ್ತದೆ. ವಿಳಾಸ ಆಫೀಸಿನದ್ದಾಗಿದ್ದರೆ ನಡೆಯಲ್ಲ, ಮನೆಯದ್ದೇ ಬೇಕು. 'ಅಕೌಂಟ್ಸ್ ಸೆಕ್ಷನ್‌ನವರೆಲ್ಲ ಸೇರಿ' ಅಂತ ಬರೆದರೂ ನಡೆಯಲ್ಲ. ಒಬ್ಬೊಬ್ಬರ ಹೆಸರೂ ಬೇರೆ ಬೇರೆ ಬರಬೇಕು. ಟಿಕ್ ಬಿಟ್ಟುಹೋದ ಒಂದೊಂದು ಸಾಲೂ ಸಭೆಗೆ ನಷ್ಟ. ಹಾಳೆ ಹಿಡಿದು ಹೋಗುವಾಗ ಪೆನ್ನು ಜೊತೆಗಿರಬೇಕು, ಟಿಕ್ ಹಾಕಿದರಾ ಅಂತ ಅಲ್ಲೇ ನಿಂತು ನೋಡಬೇಕು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹೇಳಬೇಕಾ ಅನ್ನಿಸಬಹುದು. ಐದರಲ್ಲೊಂದು ಪಾಲು ಹಣ ಈ ಚೌಕದಲ್ಲೇ ಇದೆ.

ಮೇಲಿನ ಒಂದೆರಡು ಸಾಲು ಯಾರದು ಅನ್ನುವುದೂ ಮುಖ್ಯ. ಮೊದಲ ಹೆಸರಿನ ಎದುರು 5 ಅಂತ ಇದ್ದರೆ ಕೆಳಗಿನವರೆಲ್ಲ 5 ಬರೆಯುತ್ತಾರೆ. 50 ಇದ್ದರೆ 20 ಬರೆಯಲು ಯಾರೂ ಹಿಂಜರಿಯಲ್ಲ. ಹಣ ಎತ್ತಿ ಅಭ್ಯಾಸ ಇರುವವರು ಮೊದಲು ಯಾರ ಹತ್ತಿರ ಹೋಗಬೇಕು ಅಂತ ಬಹಳ ಯೋಚಿಸುತ್ತಾರೆ.

ಈಗ ಚಾಕ್ ಅವರ ಮೊತ್ತಕ್ಕೆ ಬರೋಣ. ತಲೆಗೆ 20 ಪೌಂಡ್ ಅಂತ ಹಿಡಿದರೆ 23.3 ಲಕ್ಷ ಪೌಂಡಿಗೆ 1,16,500 ಜನ ಬೇಕು. ಯಾವ ಸಭೆಯಲ್ಲೂ ಅಷ್ಟು ಜನ ಇರಲ್ಲ. ಹಾಗಾಗಿ ಇಂಥ ಮೊತ್ತದಲ್ಲಿ ಸಾವಿರಗಳಲ್ಲಿ, ಲಕ್ಷಗಳಲ್ಲಿ ಕೊಡುವವರು ಇರಲೇಬೇಕು. ಅಂಥವರ ಹತ್ತಿರ ಓಟಕ್ಕೆ ಮೂರು ತಿಂಗಳು ಇರುವಾಗ ಹೊಸದಾಗಿ ಹೋಗಿ ಕೇಳುವುದಕ್ಕೆ ಆಗಲ್ಲ. 1985ರಿಂದ 2011ಕ್ಕೆ 26 ವರ್ಷ. ಆ ಓಟಕ್ಕೆ ತರಬೇತಿ ಶುರುವಾದದ್ದು ಅಲ್ಲಿಂದಲೇ ಅಂತ ನಾನು ಲೆಕ್ಕ ಹಿಡಿಯುತ್ತೇನೆ.

ಹಾಗಾದರೆ ಓಡುವುದು ಯಾಕೆ?

ಕೇಳುವುದೇ ಕೆಲಸವಾದರೆ ಸುಮ್ನೆ ಕೇಳಬಹುದಲ್ಲ, 42 ಕಿಲೋಮೀಟರ್ ಯಾಕೆ? ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ನನ್ನ ಉತ್ತರ ನೇರವಾಗಿದೆ. ಕೇಳುವವನು ತನ್ನದೇನನ್ನಾದರೂ ಮೊದಲು ಇಡಬೇಕು. ಪಾಸ್ಟರ್‌ಗಳ ಹತ್ತಿರ ದೊಡ್ಡ ದುಡ್ಡು ಇರಲ್ಲ. ಮೈ ಇರುತ್ತದೆ, ಸಮಯ ಇರುತ್ತದೆ. ಅದನ್ನು ಇಡುತ್ತಾರೆ.

ಅದು ಸಣ್ಣ ಇಡುಗಂಟಲ್ಲ. ಏಪ್ರಿಲ್ ಓಟ ಅಂದರೆ ಕ್ರಿಸ್‌ಮಸ್ ಮುಗಿದ ಕೂಡಲೇ ತಯಾರಿ. ಹದಿನಾರರಿಂದ ಇಪ್ಪತ್ತು ವಾರ ಹಿಡಿಯುತ್ತದೆ. ಜನವರಿಯಲ್ಲಿ ಲಂಡನ್ನಿನಲ್ಲಿ ಬೆಳಗಾಗುವುದು ಎಂಟು ಗಂಟೆಗೆ, ಕತ್ತಲಾಗುವುದು ನಾಲ್ಕಕ್ಕೆ. ಕೆಲಸ ಇರುವವರು ಕತ್ತಲಲ್ಲೇ ಓಡಬೇಕು, ಮಳೆ ಬಂದರೂ ಓಡಬೇಕು. ವಾರಕ್ಕೆ ಮೂರು ನಾಲ್ಕು ದಿನದ ಓಟ, ಅದರಲ್ಲಿ ಒಂದು ದೂರದ ಓಟ. ಅದು ವಾರವಾರ ಸ್ವಲ್ಪ ಸ್ವಲ್ಪ ಬೆಳೆದು 30–32 ಕಿಲೋಮೀಟರಿಗೆ ಮುಟ್ಟಬೇಕು. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ಹೆಚ್ಚಿನವರಿಗೆ ಸುಮಾರು ಅಲ್ಲಿಗೇ ಖಾಲಿಯಾಗುವುದು. ಆಮೇಲಿನ ಹತ್ತು ಹನ್ನೆರಡು ಕಿಲೋಮೀಟರ್ ಹೇಗಿರುತ್ತದೆ ಅಂತ ಮೈಗೆ ಮೊದಲೇ ಸ್ವಲ್ಪ ರುಚಿ ತೋರಿಸಬೇಕು. ಕೊನೆಯ ಮೂರು ವಾರ ದೂರ ಇಳಿಸುತ್ತಾ ಬರಬೇಕು. ಐವತ್ತು ದಾಟಿದವರಿಗೆ ಇನ್ನೊಂದು ತೊಂದರೆ: ಉಸಿರು ಒಪ್ಪಿದರೂ ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು ಬೇಗ ಸುಧಾರಿಸಿಕೊಳ್ಳಲ್ಲ. ಒಂದು ದೊಡ್ಡ ಓಟಕ್ಕೂ ಇನ್ನೊಂದಕ್ಕೂ ನಡುವೆ ಅವರಿಗೆ ಜಾಸ್ತಿ ದಿನ ಬೇಕು.

ಓಟದ ಕ್ಲಬ್ಬುಗಳಲ್ಲಿ ದೂರದ ಓಟಕ್ಕೆ ಸಾಮಾನ್ಯವಾಗಿ ಭಾನುವಾರ ಬೆಳಗ್ಗೆ. ಚರ್ಚ್‌ನವರಿಗೆ ಆ ಹೊತ್ತೇ ಆಗುವುದಿಲ್ಲ. ಪಾಸ್ಟರ್‌ಗಂತೂ ಅದು ಕೆಲಸದ ದಿನ. ಶನಿವಾರ ಓಡಿದರೆ ಭಾನುವಾರ ಪೀಠದ ಮೇಲೆ ಕಾಲು ನಡುಗುತ್ತದೆ. ಸೋಮವಾರ ಓಡೋಣ ಅಂದರೆ ಜೊತೆಗೆ ಯಾರೂ ಇರಲ್ಲ.

2011ರಲ್ಲಿ ಇನ್ನೊಂದು ಕಾಕತಾಳೀಯ ಇತ್ತು. ಆ ವರ್ಷ ಈಸ್ಟರ್ ತಡವಾಗಿ, ಏಪ್ರಿಲ್ 24ಕ್ಕೆ ಬಂತು. ಅಂದರೆ ಮ್ಯಾರಥಾನ್ ನಡೆದ ಏಪ್ರಿಲ್ 17 ಗರಿಗಳ ಭಾನುವಾರ. ತರಬೇತಿಯ ಅತಿ ಕಠಿಣ ವಾರಗಳಲ್ಲಿ ಕೊನೆಯವು ತಪಸ್ಸುಕಾಲದೊಳಗೇ, ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದೊಳಗೇ, ಬಿದ್ದವು. ಬ್ಯಾಪ್ಟಿಸ್ಟರು ಕಥೋಲಿಕರಷ್ಟು ಕಟ್ಟುನಿಟ್ಟಾಗಿ ಆ ನಲವತ್ತು ದಿನ ಪಾಲಿಸುವವರಲ್ಲ. ಆದರೂ ಸುತ್ತಲಿನ ಕ್ರೈಸ್ತರೆಲ್ಲ ಏನನ್ನಾದರೂ ಬಿಟ್ಟು, ಉಳಿಸಿ, ಕೊಡುವ ಕಾಲ ಅದು. ಆ ದಿನಗಳಲ್ಲಿ ಒಬ್ಬ ಸಭಾಪಾಲಕ ಕತ್ತಲಲ್ಲಿ ಎದ್ದು ಓಡುತ್ತಿದ್ದಾನೆ ಅಂದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮ್ಯಾರಥಾನ್ ಮರುದಿನ ಮೆಟ್ಟಿಲು ಇಳಿಯುವುದಕ್ಕೂ ಆಗಲ್ಲ, ಕಂಬಿ ಹಿಡಿದು ಹಿಂದುಮುಂದಾಗಿ ಇಳಿಯುವವರೂ ಇದ್ದಾರೆ. ಆ ಕಾಲಲ್ಲೇ ಮುಂದೆ ಪವಿತ್ರ ಗುರುವಾರ, ಶುಭ ಶುಕ್ರವಾರ, ಈಸ್ಟರ್.

ಭಾನುವಾರ ಓಡುವುದೇ ತಪ್ಪು ಅನ್ನುವ ಕ್ರೈಸ್ತರೂ ಇದ್ದರು, ಈಗಲೂ ಕೆಲವರಿದ್ದಾರೆ. ಸ್ಕಾಟ್‌ಲೆಂಡಿನ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತು ಭಾನುವಾರ ಇದ್ದ 100 ಮೀಟರ್ ಓಟ ಬಿಟ್ಟುಕೊಟ್ಟರು, ಬೇರೆ ದಿನದ 400 ಮೀಟರ್ ಗೆದ್ದರು. ಆ ನಿಲುವಿನ ಮೇಲೆ ನನಗೆ ತುಂಬಾ ಗೌರವವಿದೆ. ಆದರೆ ತನಗಾಗಿ ಓಡುವುದಕ್ಕೂ ಇನ್ನೊಬ್ಬರ ಊಟ, ಸೂರಿಗಾಗಿ ಓಡುವುದಕ್ಕೂ ವ್ಯತ್ಯಾಸವಿದೆ ಅನ್ನುವವರ ಮಾತೇ ನನಗೆ ಹೆಚ್ಚು ಹಿಡಿಸುತ್ತದೆ.

ವಾಟರ್‌ಲೂನ ಗೋಪುರ

ಚಾಕ್ ಅವರ ಸಭೆಯ ಪಕ್ಕದಲ್ಲೇ ಒಂದು ಹಳೆಯ ಗೋಪುರ ನಿಂತಿದೆ. ಲಿಂಕನ್ ಟವರ್ ಅಂತ ಹೆಸರು. ತುದಿಯ ಶಿಖರವನ್ನು ಸರಿಯಾಗಿ ನೋಡಿದರೆ ಬಿಳಿಗಲ್ಲಿನ ನಡುವೆ ಕೆಂಪು ಕಲ್ಲಿನ ಪಟ್ಟೆಗಳು, ನಕ್ಷತ್ರಗಳು ಕಾಣುತ್ತವೆ. ಅಮೆರಿಕದ ಬಾವುಟದ ನೆನಪು. 1876ರ ಜುಲೈ 4ರಂದು ಆ ಗೋಪುರದ ಚರ್ಚ್ ತೆರೆಯಿತು.

ಲಂಡನ್ನಿನ ಚರ್ಚ್ ಗೋಪುರದ ಮೇಲೆ ಅಮೆರಿಕದ ಬಾವುಟ ಹೇಗೆ ಬಂತು? ಆಗಿನ ಸಭಾಪಾಲಕ ನ್ಯೂಮನ್ ಹಾಲ್ ಅಮೆರಿಕದ ಅಂತರ್ಯುದ್ಧದಲ್ಲಿ ಲಿಂಕನ್ ಪಕ್ಷ ವಹಿಸಿ, ಗುಲಾಮಗಿರಿಯ ವಿರುದ್ಧ ಇಂಗ್ಲೆಂಡಿನಲ್ಲಿ ಮಾತಾಡಿದವರು. ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಗಿ ಊರೂರಲ್ಲಿ ಭಾಷಣ ಮಾಡಿದರು. ಲಿಂಕನ್ ನೆನಪಿಗೆ ಗೋಪುರ ಕಟ್ಟೋಣ ಅಂದಾಗ ಅಮೆರಿಕದ ಜನರೂ ಇಂಗ್ಲೆಂಡಿನ ಜನರೂ ಸೇರಿ ಹಣ ಹಾಕಿದರು. ಎರಡನೇ ಮಹಾಯುದ್ಧದ ಬಾಂಬಿಗೆ ಚರ್ಚ್ ಹೋಯಿತು, ಗೋಪುರ ಉಳಿಯಿತು.

ಈ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. 135 ವರ್ಷದ ಅಂತರದಲ್ಲಿ ಒಂದೇ ಜಾಗದ ಒಂದೇ ಸಭೆ ಎರಡು ಸಲ ಕಾಣಿಕೆ ತಟ್ಟೆಯನ್ನು ಗೋಡೆಯಾಚೆಗೆ ಕಳಿಸಿತು. ಒಂದು ಸಲ ಸಮುದ್ರದಾಚೆಗೆ, ಇನ್ನೊಂದು ಸಲ ಓಟದ ಬೀದಿಗೆ. ಎರಡು ಸಲವೂ ತುಂಬಿ ಬಂತು. ಎರಡು ಸಲವೂ ಆ ಸಭೆ ತನ್ನವರಲ್ಲದ ಜನರ ಪರ ಏನನ್ನೋ ಮಾಡಿ ಆಗಿತ್ತು.

ನಮ್ಮಲ್ಲಿ ಮಾಡುವುದಾದರೆ

ಕರ್ನಾಟಕದ ಸಭೆಗಳಲ್ಲಿ ಹಣ ಎತ್ತುವ ದೊಡ್ಡ ದಾರಿ ಬೆಳೆ ಹಬ್ಬದ ಹರಾಜು. ಒಂದು ಕುಂಬಳಕಾಯಿ, ಒಂದು ಬಾಳೆಗೊನೆ ಸಾವಿರಾರು ರೂಪಾಯಿಗೆ ಹೋಗುವುದನ್ನು ನೋಡಿದವರಿಗೆ ಅದರ ಖುಷಿ ಗೊತ್ತು. ಅದು ಬೇಡ ಅನ್ನುತ್ತಿಲ್ಲ. ಆದರೆ ಅಲ್ಲಿ ಕೂಗುವವರೂ ಕೊಳ್ಳುವವರೂ ಅದೇ ಇಪ್ಪತ್ತು ಮೂವತ್ತು ಮನೆಯವರು. ವರ್ಷವರ್ಷ ಅವರ ಮೇಲೇ ಭಾರ. ಓಟದ ಹಾಳೆ ಆಫೀಸಿಗೆ ಹೋಗುತ್ತದೆ, ಜಿಮ್‌ಗೆ ಹೋಗುತ್ತದೆ, ಬೇರೆ ಧರ್ಮದ ಗೆಳೆಯರ ಕೈಗೂ ಹೋಗುತ್ತದೆ. ಅವರು ನಿಮ್ಮ ಚರ್ಚ್‌ನ ಹೊಸ ಪೀಠಕ್ಕೆ ಕೊಡಲ್ಲ, ಕೊಡಬೇಕು ಅಂತ ಕೇಳುವುದೂ ಸರಿಯಲ್ಲ. ಸಭೆಯ ಹಾಸ್ಟೆಲ್ಲಿಗೆ, ಡಯಾಲಿಸಿಸ್ ನೆರವಿಗೆ, ಟ್ಯೂಷನ್ ಕ್ಲಾಸಿಗೆ ಕೊಡುತ್ತಾರೆ.

ಕಾನೂನೂ ಹೆಚ್ಚುಕಡಿಮೆ ಇದೇ ಗೆರೆ ಎಳೆಯುತ್ತದೆ. ಬ್ರಿಟನ್ನಿನಲ್ಲಿ ಧರ್ಮದ ಕೆಲಸವೂ ದಾನದ ಕೆಲಸವೇ, ಚರ್ಚ್ ಛಾವಣಿಗೂ ಗಿಫ್ಟ್ ಏಡ್ ಸಿಗುತ್ತದೆ. ನಮ್ಮಲ್ಲಿ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ, 80ಜಿ ಅಂತ ನಾವು ಕರೆಯುವ ವಿನಾಯಿತಿ, ಒಂದೇ ಧರ್ಮದವರ ಒಳಿತಿಗಾಗಿ ಇರುವ ಟ್ರಸ್ಟ್‌ಗೆ ಸಾಮಾನ್ಯವಾಗಿ ಇಲ್ಲ. ಎಲ್ಲರಿಗೂ ತೆರೆದ ಶಾಲೆ, ಆಸ್ಪತ್ರೆ ನಡೆಸುವ ಬೇರೆ ನೋಂದಾಯಿತ ಸಂಸ್ಥೆ ಇದ್ದರೆ ಅದರ ಹೆಸರಿನಲ್ಲಿ ಓಡುವುದು ಮೇಲು. ನಗದು 2,000 ರೂಪಾಯಿ ದಾಟಿದರೆ ವಿನಾಯಿತಿ ಇಲ್ಲ, ಹಾಗಾಗಿ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಪಡೆಯಿರಿ.

ಲಂಡನ್ನಿನಲ್ಲೋ ಷಿಕಾಗೋದಲ್ಲೋ ಇರುವ ನಿಮ್ಮ ಊರಿನವರು ಅಲ್ಲಿ ಓಡಿ, ಅಲ್ಲಿನ ಗೆಳೆಯರಿಂದ ಕೂಡಿಸಿ ಇಲ್ಲಿನ ಸಭೆಗೆ ಕಳಿಸುತ್ತೇನೆ ಅಂದರೆ ಮೊದಲೇ ನಿಲ್ಲಿಸಿ ಮಾತಾಡಿ. ವಿದೇಶಿಯರು ಕೊಟ್ಟದ್ದು ವಿದೇಶಿ ವಂತಿಗೆ. ಅದನ್ನು ತೆಗೆದುಕೊಳ್ಳಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಮೊದಲೇ ಪಡೆದ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾರತದ ಪೌರತ್ವ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದಕ್ಕೆ ಈ ನಿಯಮ ಬರಲ್ಲ. ಗೆಳೆಯರ ದುಡ್ಡನ್ನು ತಮ್ಮ ಖಾತೆಗೆ ಹಾಕಿಸಿಕೊಂಡು ಕಳಿಸಿದರೆ ಅದು ಸ್ವಂತ ಉಳಿತಾಯ ಆಗುವುದಿಲ್ಲ. ಓಟದ ಹೆಸರು ನೋಂದಾಯಿಸುವ ಮೊದಲು, ಹಾಳೆಯಲ್ಲಿ ಮೊದಲ ಹೆಸರು ಬರೆಸುವ ಮೊದಲು, ಸಭೆಯ ಖಜಾಂಚಿ ಮತ್ತು ಒಬ್ಬ ಆಡಿಟರ್ ಜೊತೆ ಕೂತು ಇದನ್ನು ತೀರ್ಮಾನ ಮಾಡಿಕೊಳ್ಳಿ.